ಸೈತಾನನ ವೀರತ್ವ

ಆಂಗ್ಲ ಮಹಾಕವಿ ಜಾನ್ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಓದಿದವರಿಗೆ ಒಂದು ಸಂದೇಹವು ಹುಟ್ಟದೆ ಇರದು. ಈ ಕಾವ್ಯದ ನಾಯಕನಾರು? ದೇವರ ಆಜ್ಞೆಯನ್ನು ಮೀರಿ ದಿವ್ಯೋದ್ಯಾನವನ್ನು ಕಳೆದುಕೊಂಡ ಆದಾಮನೇ? ಮಾನವನನ್ನು ಉದ್ಧರಿಸಲು ಮುಂದೆ ಬಂದ ದೇವಕುಮಾರನೇ? ಇಲ್ಲವೆ, ದೇವರಿಗೇ ಇದಿರಾಗಿ ನಿಂತು ನರಕಕ್ಕೆ ಬಿದ್ದ ಸೈತಾನನೇ? ಪಾಪದ ಮೂರ್ತಿಯನ್ನು ಕವಿಯು ಅಷ್ಟು ಭವ್ಯವಾಗಿ ಚಿತ್ರಿಸಿದ್ದೇಕೆಂಬುದನ್ನು ನಾವು ಇಲ್ಲಿ ಕೊಂಚ ವಿಚಾರಿಸೋಣ.

ಮಿಲ್ಟನ್ 1608ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ಕೆಲವು ವರ್ಷ ಮನೆಯಲ್ಲಿಯೇ ಬಾಲಕರಿಗೆ ಪಾಠ ಹೇಳುತ್ತಿದ್ದನೆಂಬುದು ನಮ್ಮ ವೃತ್ತಿಯವರಿಗೆ ಸಂತೋಷ ತರುವ ಸಂಗತಿ. ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದಾಗ ಮಿಲ್ಟನ್ ಗಣರಾಜ್ಯದ ಪಕ್ಷವನ್ನು ವಹಿಸಿ, ಅದರ ವಿದೇಶೀ ಪತ್ರವ್ಯವಹಾರದ ಕಾರ್ಯದರ್ಶಿಯಾದನು. 1652ರ ವೇಳೆಗೆ ಅವನ ಕಣ್ಣುಗಳು ಪೂರ್ತಿಯಾಗಿ ಹೋದವು. 1660ರಲ್ಲಿ ಅರಸೊತ್ತಿಗೆ ಮರಳಿತು. ಅವನ ಗ್ರಂಥಗಳನ್ನು ಸುಟ್ಟರು. ಅವನನ್ನೂ ಕೆಲಕಾಲ ಸೆರೆಯಲ್ಲಿಟ್ಟರು. ಸೋತ ಪಕ್ಷದ ಆ ಕುರುಡ ಕವಿ ಬಾಯಿಂದ ಹೇಳಿ ಬರೆಯಿಸಿದ ಕಾವ್ಯವು 1667ರಲ್ಲಿ 10 ಸರ್ಗಗಳಾಗಿಯೂ, 1674ರಲ್ಲಿ 12 ಸರ್ಗಗಳಾಗಿಯೂ ಅಚ್ಚಾಯಿತು. ಮುದ್ರಕನು ಮೊದಲು ಕೊಟ್ಟ ಹಣ ಕೇವಲ 5 ಪೌಂಡು.

ಕಾವ್ಯವು ಮೊದಲಾಗುವುದೂ ಒಂದು ಸೋಲಿನಿಂದಲೇ. ಬೆಂಕಿಯ ಸರೋವರದಲ್ಲಿ ಬಿದ್ದಿದ್ದ ಸೈತಾನನು ಎದ್ದು ನಿಂತು, ಮೂರ್ಛೆಹೋದ ತನ್ನ ದಂಡನ್ನು ಎಚ್ಚರಿಸುತ್ತಾನೆ. ಅವನ ಗುರಾಣಿಯನ್ನು ಕವಿ ಚಂದ್ರಬಿಂಬಕ್ಕೂ, ಮಸುಳಿದ ಅವನ ತೇಜಸ್ಸನ್ನು ಗ್ರಹಣ ಹಿಡಿದ ಸೂರ್ಯನಿಗೂ ಹೋಲಿಸುತ್ತಾನೆ. ಎರಡನೆಯ ಸರ್ಗದ ನರಕಸಭೆಯಲ್ಲಿ, ದೇವರು ಸೃಜಿಸಿದ ಹೊಸ ಲೋಕವನ್ನು ಹುಡುಕಿ ಒಂಟಿಯಾಗಿ ಹೋಗುವವರಾರೆಂಬ ಪ್ರಶ್ನೆ ಬಂದಾಗ ಎಲ್ಲರೂ ತಲೆತಗ್ಗಿಸುತ್ತಾರೆ, ಅವನೊಬ್ಬನೇ ಒಪ್ಪುತ್ತಾನೆ. ಆದರೆ ಬೇರೊಬ್ಬನು ಆ ಕೀರ್ತಿಯಲ್ಲಿ ಪಾಲು ಪಡೆಯಬಾರದೆಂದು, ಮರುಮಾತಿಗೆ ಎಡೆಗೊಡದೆ ಸಭೆಯನ್ನು ಮುಗಿಸಿಬಿಡುತ್ತಾನೆ. ಧೈರ್ಯವೂ ಕೀರ್ತಿಯ ಆಸೆಯೂ ಅವನಲ್ಲಿ ಹೀಗೆ ಬೆರೆತಿವೆ.

ವಿಮರ್ಶಕರು ಇದನ್ನು ಬಗೆಬಗೆಯಾಗಿ ಕಂಡರು. ಸೈತಾನನೇ ಈ ಕಾವ್ಯದ ನಾಯಕನಾಗಿಬಿಟ್ಟನೆಂದು 1697ರಲ್ಲಿ ಡ್ರೈಡನ್ ಆಕ್ಷೇಪಿಸಿದನು. ನಾಯಕನು ಬೇಕೇಬೇಕಾದರೆ ದೇವಕುಮಾರನೇ ಇರಲಿ ಎಂದು 1712ರಲ್ಲಿ ಅಡಿಸನ್ ಬರೆದನು. ಮಿಲ್ಟನ್ ತನಗರಿಯದಂತೆ ಸೈತಾನನ ಪಕ್ಷದವನೇ ಎಂಬುದು ಬ್ಲೇಕ್ ಕವಿಯ ಮತ. 1821ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಶೆಲ್ಲಿಯು ಸೈತಾನನ ಶೀಲವನ್ನು ದೇವರಿಗಿಂತಲೂ ಮೇಲೆಂದನು. ಸಿ. ಎಸ್. ಲೂಯಿಸರು 1942ರಲ್ಲಿ ಇದಕ್ಕೆ ಇದಿರಾಡಿ, ಸೈತಾನನು ಸರ್ಗದಿಂದ ಸರ್ಗಕ್ಕೆ ಕುಗ್ಗುತ್ತ ಹೋಗುವುದನ್ನು ತೋರಿಸಿದರು.

ಈ ವಾದದ ಕೀಲಿಕೈ ನಾಲ್ಕನೆಯ ಸರ್ಗದಲ್ಲಿದೆಯೆಂದು ನಮಗೆ ತೋರುತ್ತದೆ. ಭೂಮಿಗೆ ಬಂದ ಸೈತಾನನು ಸೂರ್ಯನನ್ನು ಕಂಡು ತನ್ನ ಹಿಂದಿನ ಬೆಳಕನ್ನು ನೆನೆಯುತ್ತಾನೆ. ದೇವರು ತನಗೆ ಕೇಡೆಣಿಸಿರಲಿಲ್ಲವೆಂದು ಒಪ್ಪುತ್ತಾನೆ. ಪಶ್ಚಾತ್ತಾಪಕ್ಕೆ ಎಡೆಯಿಲ್ಲವೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅವನನ್ನು ತಡೆಯುವುದು ಅಹಂಕಾರ. ಅದಕ್ಕೂ ಮಿಗಿಲಾಗಿ, ದೊಡ್ಡ ಮಾತುಗಳಿಂದ ತಾನು ಕರೆತಂದ ಅನುಚರರ ಮುಂದೆ ತಲೆತಗ್ಗಿಸಬೇಕಲ್ಲಾ ಎಂಬ ನಾಚಿಕೆ. ಕವಿಯ ಸೋದರಳಿಯನೂ ಶಿಷ್ಯನೂ ಆದ ಎಡ್ವರ್ಡ್ ಫಿಲಿಪ್ಸ್ 1694ರಲ್ಲಿ ಬರೆದ ಜೀವನಚರಿತ್ರೆಯ ಪ್ರಕಾರ, ಈ ಭಾಷಣದ ಮೊದಲ ಪಂಕ್ತಿಗಳು ಮಹಾಕಾವ್ಯಕ್ಕಿಂತ ಅನೇಕ ವರ್ಷ ಮೊದಲೇ, ಒಂದು ದುರಂತ ನಾಟಕದ ಆರಂಭಕ್ಕೆಂದು ರಚಿತವಾಗಿದ್ದವು. ಹಿಂತಿರುಗಬಹುದಾಗಿದ್ದವನು ಹಿಂತಿರುಗದ ಆ ಗಳಿಗೆಯೇ ಕಾವ್ಯದ ಬೀಜಗಳಲ್ಲೊಂದಾಗಿತ್ತೆಂದು ಇದರಿಂದ ತಿಳಿಯಬಹುದು.

ಇಲ್ಲಿ ನಮಗೆ ನಾಗಚಂದ್ರನ ರಾವಣನು ನೆನಪಾಗುವುದು ಸಹಜ. ಮಿಲ್ಟನ್ನನಿಗಿಂತ ಸುಮಾರು ಐದೂವರೆ ಶತಮಾನಗಳ ಹಿಂದೆ ಬರೆದ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನು, ತನ್ನ ಮಾತು ಕೇಳಿ ಮೂರ್ಛೆಹೋದ ಸೀತೆಯನ್ನು ಕಂಡು ನಿಜವಾಗಿಯೂ ಮರುಗುತ್ತಾನೆ, ಆಕೆಯನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ಅಂಜುಬುರುಕನೆನ್ನುವುದೆಂದು, ಯುದ್ಧದಲ್ಲಿ ಗೆದ್ದಮೇಲೆಯೇ ಒಪ್ಪಿಸುವೆನೆಂದು ಹೊರಡುತ್ತಾನೆ. ಆ ಯುದ್ಧದಿಂದ ಅವನು ಮರಳುವುದಿಲ್ಲ. ಒಬ್ಬನನ್ನೊಬ್ಬನು ಅರಿಯದ ಈ ಇಬ್ಬರು ಕವಿಗಳೂ ಪತನದ ಕಾರಣವನ್ನು ಒಂದೇ ಎಡೆಯಲ್ಲಿ ಕಂಡಿದ್ದಾರೆ. ಅದು ಹೇಡಿತನವಲ್ಲ, ನಾಲ್ಕು ಜನರ ಮುಂದೆ ವೀರನಾಗಿಯೇ ಕಾಣಬೇಕೆಂಬ ಹಟ.

ಆ ಗಳಿಗೆಯ ಅನಂತರ ಸೈತಾನನ ರೂಪ ಇಳಿಯುತ್ತ ಹೋಗುತ್ತದೆ. ಮಲಗಿದ ಹವ್ವಳ ಕಿವಿಯ ಬಳಿ ಕಪ್ಪೆಯಂತೆ ಕೂರುತ್ತಾನೆ. ಒಂಬತ್ತನೆಯ ಸರ್ಗದಲ್ಲಿ ಹಾವಿನೊಳಗೆ ಹೊಗುತ್ತಾನೆ. ಗೆದ್ದು ನರಕಕ್ಕೆ ಮರಳಿ ಜಯಘೋಷವನ್ನು ನಿರೀಕ್ಷಿಸಿದವನಿಗೆ ಕೇಳಿಸುವುದು ಬುಸುಗುಟ್ಟುವ ಸದ್ದು. ಯಾರ ಮೆಚ್ಚುಗೆಗಾಗಿ ಅವನು ಹಿಂತಿರುಗಲಿಲ್ಲವೋ ಅವರೆಲ್ಲರೂ ಹಾವುಗಳಾಗಿದ್ದಾರೆ.

ಕರಿಹಲಗೆಯ ಮೇಲೆ ನಾವು ಬರೆದ ತಪ್ಪನ್ನು ಚಿಕ್ಕ ಹುಡುಗನೊಬ್ಬನು ತೋರಿಸಿದಾಗ, ಇಡೀ ತರಗತಿಯ ಮುಂದೆ ಅದನ್ನು ಒಪ್ಪಿ ಅಳಿಸುವುದು ಎಷ್ಟು ಕಷ್ಟವೆಂಬುದು ಉಪಾಧ್ಯಾಯರಾದ ನಮಗೆಲ್ಲ ಗೊತ್ತು. ಆದುದರಿಂದ ಸೈತಾನನ ಧೈರ್ಯವನ್ನು ಮೆಚ್ಚಿದ ವಿದ್ಯಾರ್ಥಿಯನ್ನು ನಾವು ಗದರಿಸಬೇಕಾಗಿಲ್ಲ. ಮೆಚ್ಚಲೆಂದೇ ಕವಿ ಹಾಗೆ ಬರೆದಿದ್ದಾನೆ. ನಾಲ್ಕನೆಯ ಸರ್ಗದವರೆಗೆ ಅವನ ಕೈಹಿಡಿದು ಕರೆದೊಯ್ದರೆ ಸಾಕು. ಉಳಿದುದನ್ನು ಅವನೇ ಕಾಣುವನು.