‘ಹಾವಿನ ದ್ವೇಷ’: ದುರ್ಗದ ಬಂಡೆ ಮೇಲೆ ಒಬ್ಬ ಹುಡುಗನ ಸಿಟ್ಟು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಕೇಳ್ತಿರೋರು ಶಾಲೆ ಟ್ರಿಪ್‌ನಲ್ಲಾದ್ರೂ ಒಮ್ಮೆ ಚಿತ್ರದುರ್ಗದ ಕೋಟೆ ಹತ್ತಿರ್ತೀರಿ. ಅಲ್ಲಿ ಬಂಡೆ ಕಂಡ ಕೂಡಲೇ ಗುಂಪಲ್ಲಿ ಒಬ್ಬನಿಗೆ ‘ಹಾವಿನ ದ್ವೇಷ’ ಹಾಡು ನೆನಪಾಗುತ್ತೆ. ಇವತ್ತಿನ ಮಾತು ಆ ಹಾಡಿನದ್ದು.

1972. ಅಮೆರಿಕದ ರಾಕ್ ಬ್ಯಾಂಡ್ ಆಲಿಸ್ ಕೂಪರ್ ‘ಸ್ಕೂಲ್ಸ್ ಔಟ್’ ಅನ್ನೋ ಹಾಡು ತಂತು. ಶಾಲೆ ಮೇಲೆ ಹದಿಹರೆಯದವರಿಗಿರೋ ಸಿಟ್ಟೇ ಅದರ ವಸ್ತು. ಬ್ರಿಟನ್‌ನಲ್ಲಿ ನಂಬರ್ ಒನ್ ಆಯ್ತು. ಅದೇ ವರ್ಷ ನಮ್ಮಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಂತು. ಎರಡಕ್ಕೂ ಸಂಬಂಧ ಇಲ್ಲ, ಆದರೆ ಆ ವಯಸ್ಸಿನ ಸಿಟ್ಟು ಇಲ್ಲೂ ಇತ್ತು.

ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ರಾಮಾಚಾರಿಯನ್ನ ಪ್ರಿನ್ಸಿಪಾಲ್ ಸಸ್ಪೆಂಡ್ ಮಾಡ್ತಾರೆ. ಸಸ್ಪೆಂಡ್ ಆಗಿದ್ದಕ್ಕಿಂತ ಎಲ್ಲರ ಮುಂದೆ ಮರ್ಯಾದೆ ಹೋಗಿದ್ದು ಅವನನ್ನ ಸುಡುತ್ತೆ. ರಾತ್ರಿ ಹೋಗಿ ಪ್ರಿನ್ಸಿಪಾಲರನ್ನ ಕಂಬಕ್ಕೆ ಕಟ್ಟಿಹಾಕ್ತಾನೆ. ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತೆ ಅನ್ನೋದು ನಮ್ಮ ಜನರ ಹಳೇ ನಂಬಿಕೆ. ಈ ಹುಡುಗನ ಹಗೆ ಅದಕ್ಕಿಂತ ದೊಡ್ಡದು ಅನ್ನುತ್ತೆ ಹಾಡು. ಬರೆದವರು ವಿಜಯನಾರಸಿಂಹ, ಸಂಗೀತ ವಿಜಯಭಾಸ್ಕರ್, ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ತೆರೆ ಮೇಲೆ ವಿಷ್ಣುವರ್ಧನ್. 1950ರಲ್ಲಿ ಹುಟ್ಟಿದ ಅವರು ಆಗಿನ್ನೂ ಇಪ್ಪತ್ತೆರಡರ ಹುಡುಗ, ನಾಯಕನಾಗಿ ಮೊದಲ ಸಿನಿಮಾ.

ಈಗ ನಾವು ಸಾಮಾನ್ಯವಾಗಿ ಮರೆಯೋ ವಿಷಯ. ರಾಮಾಚಾರಿಯ ಬಾಳು ಹಾಳಾಗಿದ್ದು ಅವನು ದ್ವೇಷಿಸಿದ ಪ್ರಿನ್ಸಿಪಾಲರಿಂದ ಅಲ್ಲ. ಅವನನ್ನ ಮಗನ ಹಾಗೆ ನೋಡಿದ್ದ ಚಾಮಯ್ಯ ಮೇಷ್ಟ್ರು ಜಾತಿ ಬೇರೆ ಅಂತ ಅಲಮೇಲುವನ್ನ ಬಿಟ್ಟುಬಿಡು ಅಂದರು. ಊರಿಗೆಲ್ಲ ಬುಸುಗುಟ್ಟಿದ ಹುಡುಗ ಅವರ ಮಾತಿಗೆ ಮಾತ್ರ ತಲೆಬಾಗಿದ. ಅಲಮೇಲುವಿನ ಬದುಕು ಬೀದಿಗೆ ಬಂತು. ಮುಂದೆ ಮಾರ್ಗರೆಟ್ ವಿಷಯದಲ್ಲಿ ಮತ್ತೆ ಅದೇ ಜಗಳ. ಕೊನೆಗೆ ಅದೇ ಬೆಟ್ಟದ ಮೇಲೆ ಎಲ್ಲರನ್ನೂ ಕಳಕೊಳ್ತೀವಿ.

ಮೂಲ ಕತೆ ದುರ್ಗದ ಚರಿತ್ರೆಯನ್ನ ಕಾದಂಬರಿಗಳಲ್ಲಿ ತಂದ ತ.ರಾ.ಸು. ಅವರದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಸೇರಿಸಿ ಸಿನಿಮಾ ಮಾಡಿದ್ದು ಅವರಿಗೆ ಹಿಡಿಸಲಿಲ್ಲ. ನಾಗರಹಾವನ್ನ ಕೇರೆಹಾವು ಮಾಡಿದರು ಅಂತ ಅವರು ಬೇಸರಪಟ್ಟಿದ್ದು ಇವತ್ತಿಗೂ ಜನರ ಬಾಯಲ್ಲಿದೆ. ಜನ ಮಾತ್ರ ರಾಮಾಚಾರಿಯನ್ನ ಬಿಟ್ಟುಕೊಡಲಿಲ್ಲ. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಸಿನಿಮಾ ಮತ್ತೆ ಥಿಯೇಟರ್‌ಗೆ ಬಂತು.

ಮುಂದಿನ ಸಲ ಈ ಹಾಡು ಹಾಕಿದಾಗ ಅಲ್ಲಿಗೇ ನಿಲ್ಲಿಸಬೇಡಿ. ಮೇಷ್ಟ್ರು ಅಲಮೇಲುವನ್ನ ಬಿಡು ಅನ್ನೋ ದೃಶ್ಯದವರೆಗೂ ನೋಡಿ. ಸಿಟ್ಟು ಬಂದಾಗ ರಾಮಾಚಾರಿ ಹಾಡಿದ. ಆ ಹೊತ್ತಲ್ಲಿ ಅವನು ಮೇಷ್ಟ್ರ ಮಾತಿಗೆ ತಲೆಬಾಗಿದ. ನಿಮ್ಮ ಮನೇಲಿ, ನಿಮ್ಮ ಕಾಲೇಜಲ್ಲಿ ಅಂಥವರಿದ್ದರೆ ಅವರ ಜೊತೆ ಕೂತು ಮಾತಾಡಿ. ಮತ್ತೆ ಸಿಗೋಣ.