ತೂಗುಕುರ್ಚಿ, ಸೂಜಿಮೊನೆ ಮತ್ತು ಹೆಬ್ಬೆರಳು

ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿರುತ್ತದೆ. ಮನೆಯ ಹಿರಿಯರೊಬ್ಬರು ಭುಜದ ಮೇಲೆ ಹೆಬ್ಬೆರಳಿಟ್ಟು ತಡಕುತ್ತಾ ಬರುತ್ತಾರೆ. ಒಂದು ಕಡೆ ಬೆರಳು ನಿಂತೊಡನೆ ‘ಅಯ್ಯೋ, ಅಲ್ಲೇ!’ ಎಂದು ಕೂಗುತ್ತೇವೆ. ಅಲ್ಲೊಂದು ಸಣ್ಣ ಗಂಟು ಕೈಗೆ ಸಿಕ್ಕಿರುತ್ತದೆ. ಸೋಜಿಗವೆಂದರೆ, ಒತ್ತಿದ್ದು ಭುಜವನ್ನು, ನೋವು ಚಿಮ್ಮಿದ್ದು ತಲೆಯ ಹಿಂಭಾಗಕ್ಕೆ. ‘ನರ ಹಿಡಿದಿದೆ’ ಎಂದು ಒಬ್ಬರು, ‘ವಾಯು ಸೇರಿದೆ’ ಎಂದು ಇನ್ನೊಬ್ಬರು. ಎಕ್ಸ್-ರೇ ತೆಗೆಸಿದರೆ ಎಲುಬು ಸರಿಯಾಗಿದೆ, ರಕ್ತಪರೀಕ್ಷೆಯಲ್ಲೂ ಏನಿಲ್ಲ. ಕೊನೆಗೆ ಉಳಿಯುವುದು ಒಂದೇ ಷರಾ: ‘ಎಲ್ಲಾ ಮನಸ್ಸಿನ ಭ್ರಮೆ.’

ಈ ಷರಾವನ್ನು ಒಪ್ಪದ ವೈದ್ಯರೂ ಇದ್ದರು. ಇಂದು ‘ಮಯೋಫೇಶಿಯಲ್ ರಿಲೀಸ್’ ಎಂಬ ಹೆಸರಿನಲ್ಲಿ ಫಿಸಿಯೋಥೆರಪಿ ಕೇಂದ್ರಗಳಲ್ಲಿ ದೊರೆಯುವ ಚಿಕಿತ್ಸೆಯ ಹಿಂದೆ ಅವರ ದೀರ್ಘ ಹುಡುಕಾಟವಿದೆ.

ಮೊದಲು ಆ ಹೆಸರಿನ ಅರ್ಥ ನೋಡೋಣ. ‘ಮಯೋ’ ಎಂದರೆ ಸ್ನಾಯು. ‘ಫೇಶಿಯಾ’ ಎಂದರೆ ಸ್ನಾಯುಗಳನ್ನು ಸುತ್ತಿಕೊಂಡಿರುವ ತೆಳುವಾದ, ಗಟ್ಟಿಯಾದ ಪೊರೆ. ಕಿತ್ತಳೆ ಹಣ್ಣನ್ನು ನೆನೆಸಿಕೊಂಡರೆ ಸಾಕು. ಒಂದೊಂದು ತೊಳೆಗೂ ಒಂದು ಪೊರೆ, ತೊಳೆಯೊಳಗಿನ ಎಳೆಎಳೆಗೂ ಇನ್ನೂ ತೆಳುವಾದ ಪೊರೆ, ಎಲ್ಲವನ್ನೂ ಸೇರಿಸಿ ಹೊರಗೊಂದು ಹೊದಿಕೆ. ನಮ್ಮ ಸ್ನಾಯುಗಳ ಏರ್ಪಾಟೂ ಹೆಚ್ಚುಕಡಿಮೆ ಹೀಗೆಯೇ. ಶವಚ್ಛೇದನ ಕಲಿಯುವವರು ಸ್ನಾಯುವನ್ನು ನೋಡುವ ಆತುರದಲ್ಲಿ ಈ ಬಿಳಿ ಪೊರೆಯನ್ನು ಕೆರೆದು ಎಸೆಯುತ್ತಿದ್ದರು. ಬಹುಕಾಲ ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ತಲೆಕೆಡಿಸಿಕೊಂಡ ಕೆಲವರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಒಬ್ಬರು. 1864ರಲ್ಲಿ ಮೆದುಳುಪೊರೆಯ ಉರಿಯೂತಕ್ಕೆ ತಮ್ಮ ಮಕ್ಕಳನ್ನೇ ಕಳೆದುಕೊಂಡ ಈ ವೈದ್ಯರಿಗೆ ಅಂದಿನ ಔಷಧಿಗಳಲ್ಲಿ ನಂಬಿಕೆ ಹೊರಟುಹೋಯಿತು. ಕೈಯಿಂದಲೇ ಚಿಕಿತ್ಸೆ ಮಾಡುವ ‘ಆಸ್ಟಿಯೋಪಥಿ’ ಪದ್ಧತಿಯನ್ನು ರೂಪಿಸಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ಲಿನಲ್ಲಿ ಶಾಲೆ ತೆರೆದರು. ಫೇಶಿಯಾಕ್ಕೆ ಅವರು ಕೊಟ್ಟ ಮಹತ್ವ ದೊಡ್ಡದು. ಅತ್ತ ಯುರೋಪಿನಲ್ಲಿ ಸ್ನಾಯುವಿನ ಗಂಟುಗಳ ಕಡೆಗೆ ವೈದ್ಯರ ಗಮನ ಹರಿದಿತ್ತು. ಜರ್ಮನಿಯ ಫ್ರೋರಿಪ್ 1843ರಲ್ಲೇ ಅವನ್ನು ವರ್ಣಿಸಿದ್ದರು. 1904ರಲ್ಲಿ ಲಂಡನ್ನಿನ ವಿಲಿಯಂ ಗೋವರ್ಸ್ ಸೊಂಟನೋವಿನ ಬಗ್ಗೆ ಉಪನ್ಯಾಸ ಮಾಡುತ್ತಾ ‘ಫೈಬ್ರೋಸೈಟಿಸ್’ ಎಂಬ ಪದವನ್ನು ಚಲಾವಣೆಗೆ ತಂದರು.

ಆದರೆ ಭುಜ ಒತ್ತಿದರೆ ತಲೆ ಏಕೆ ನೋಯಬೇಕು? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಲಂಡನ್ನಿನ ಜೊನಸ್ ಕೆಲ್‌ಗ್ರೆನ್. ಅವರು ಆರೋಗ್ಯವಂತ ಸ್ವಯಂಸೇವಕರ ಸ್ನಾಯುಗಳಿಗೆ ಗಾಢ ಉಪ್ಪುನೀರನ್ನು ಚುಚ್ಚಿ, ನೋವು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆಂದು ಗುರುತಿಸಿದರು. ಚುಚ್ಚಿದ್ದು ಒಂದೆಡೆಯಾದರೆ ನೋವು ದೂರದ ಇನ್ನೊಂದೆಡೆ! 1938ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ‘ದಾಟಿ ಬರುವ ನೋವು’ ಭ್ರಮೆಯಲ್ಲ ಎಂಬುದು ಸ್ಪಷ್ಟವಾಯಿತು.

ಇದೇ ಜಾಡಿನಲ್ಲಿ ನಡೆದವರು ನ್ಯೂಯಾರ್ಕಿನ ವೈದ್ಯೆ ಜಾನೆಟ್ ಟ್ರಾವೆಲ್ (1901–1997). ಸ್ವತಃ ಅವರಿಗೇ ಭುಜ ಮತ್ತು ತೋಳಿನ ನೋವಿತ್ತು. ಸ್ನಾಯುವಿನ ಕೆಲವು ಬಿಂದುಗಳನ್ನು ಒತ್ತಿದಾಗ ಅದೇ ನೋವು ಮರಳಿ ಬರುವುದನ್ನು ಅವರು ಗಮನಿಸಿದರು. ಆ ಬಿಂದುಗಳಿಗೆ ‘ಟ್ರಿಗರ್ ಪಾಯಿಂಟ್’ ಎನ್ನಲಾಯಿತು. ಬಂದೂಕಿನ ಕುದುರೆ ಎಳೆದದ್ದು ಇಲ್ಲಿ, ಗುಂಡು ತಗುಲಿದ್ದು ಅಲ್ಲಿ ಎಂಬಂತೆ. ಅಲ್ಲಿಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದನ್ನು ಚುಚ್ಚುವುದು, ಇಲ್ಲವೆ ತಂಪು ದ್ರವವನ್ನು ಸಿಂಪಡಿಸಿ ಸ್ನಾಯುವನ್ನು ನಿಧಾನವಾಗಿ ಎಳೆಯುವುದು, ಇವು ಅವರ ಕ್ರಮಗಳು. 1952ರಲ್ಲಿ ಸೀಮೋರ್ ರಿಂಜ್ಲರ್ ಜೊತೆಗೂಡಿ ಅವರು ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ‘ಮಯೋಫೇಶಿಯಲ್’ ಎಂಬ ಪದವಿತ್ತು.

1955ರಲ್ಲಿ ಅವರ ಚಿಕಿತ್ಸಾಲಯಕ್ಕೆ ಊರುಗೋಲು ಊರಿಕೊಂಡು ಯುವ ಸೆನೆಟರ್ ಒಬ್ಬರು ಬಂದರು. ಹೆಸರು ಜಾನ್ ಎಫ್. ಕೆನಡಿ. ಬೆನ್ನಿಗೆ 1944ರಲ್ಲಿ ಒಮ್ಮೆ, 1954ರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಗಿತ್ತು. ಎರಡನೆಯ ಸಲ ಸೋಂಕು ತಗುಲಿ ಜೀವಕ್ಕೇ ಸಂಚಕಾರ ಬಂದಿತ್ತು. ಒಳಗೆ ಕೂರಿಸಿದ್ದ ಲೋಹದ ಪಟ್ಟಿಯನ್ನು ಮತ್ತೆ ತೆಗೆಯಬೇಕಾಯಿತು. ಟ್ರಾವೆಲ್ ಅವರು ಎಲುಬನ್ನು ಬಿಟ್ಟು ಸ್ನಾಯುಗಳನ್ನು ಪರೀಕ್ಷಿಸಿದರು. ಒಂದು ಕಾಲು ಕೊಂಚ ಗಿಡ್ಡವೆಂದು ಕಂಡು ಪಾದರಕ್ಷೆಯ ಹಿಮ್ಮಡಿಯನ್ನು ಎತ್ತರಿಸಿದರು; ಬಿಂದುಗಳಿಗೆ ಮದ್ದು ಚುಚ್ಚಿದರು; ತೂಗುಕುರ್ಚಿಯಲ್ಲಿ ಕೂರಲು ಹೇಳಿದರು. ಕುಳಿತೇ ಇದ್ದರೂ ಸ್ನಾಯುಗಳು ಒಂದೇ ಭಂಗಿಯಲ್ಲಿ ಬಿಗಿಯದಂತೆ ನೋಡಿಕೊಳ್ಳುವ ಉಪಾಯವದು. 1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಆ ಕುರ್ಚಿ ಶ್ವೇತಭವನಕ್ಕೆ ಹೋಗಿ ಜಗತ್ಪ್ರಸಿದ್ಧವಾಯಿತು. ಅಮೆರಿಕದ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ ಎಂಬ ಗೌರವ ಟ್ರಾವೆಲ್‌ಗೆ ಸಂದಿತು.

ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವದಲ್ಲಿ ಗಿಡ ನೆಡಲು ಸಲಿಕೆ ಹಿಡಿದ ಕೆನಡಿಯವರ ಬೆನ್ನು ಮತ್ತೆ ಹಿಡಿದುಕೊಂಡಿತು. ಚುಚ್ಚುಮದ್ದು ಹೆಚ್ಚಿತು. ಸೂಜಿಯ ಮೇಲೇ ಅವಲಂಬಿಸಿದರೆ ಸ್ನಾಯುಗಳಿಗೆ ಬಲ ಬಾರದು ಎಂಬುದು ಶ್ವೇತಭವನದ ನೌಕಾಪಡೆ ವೈದ್ಯ ಜಾರ್ಜ್ ಬರ್ಕ್ಲಿ ಅವರ ಆತಂಕ. ಆ ಅಕ್ಟೋಬರಿನಲ್ಲಿ ವ್ಯಾಯಾಮ ಚಿಕಿತ್ಸೆಯ ತಜ್ಞ, ಸ್ವತಃ ಪರ್ವತಾರೋಹಿಯಾಗಿದ್ದ ಹಾನ್ಸ್ ಕ್ರೌಸ್ ಅವರನ್ನು ಕರೆಸಲಾಯಿತು. ವಾರದಲ್ಲಿ ಹಲವು ದಿನ ವ್ಯಾಯಾಮ ಮಾಡಿಸಿದ ಮೇಲೆ ಅಧ್ಯಕ್ಷರು ಗಣನೀಯವಾಗಿ ಚೇತರಿಸಿಕೊಂಡರು. ಗಂಟನ್ನು ಸಡಿಲಿಸುವುದು ಅರ್ಧ ಕೆಲಸ, ಸಡಿಲವಾದ ಮೈಯನ್ನು ದುಡಿಸುವುದು ಉಳಿದರ್ಧ ಎಂಬುದು ಈ ಪ್ರಸಂಗದ ಪಾಠ.

ಟ್ರಾವೆಲ್ ಅವರ ವಿದ್ಯೆಗೆ ಗ್ರಂಥರೂಪ ಸಿಗಲು ನೆರವಾದವರು ಡೇವಿಡ್ ಸೈಮನ್ಸ್. 1957ರಲ್ಲಿ ಬೆಲೂನಿನಲ್ಲಿ ಸುಮಾರು 31 ಕಿಲೋಮೀಟರ್ ಎತ್ತರಕ್ಕೇರಿ ದಾಖಲೆ ಮಾಡಿದ್ದ ವಾಯುಪಡೆಯ ವೈದ್ಯರಿವರು! ಆಕಾಶದಿಂದಿಳಿದು ಸ್ನಾಯುವಿನ ಗಂಟು ಹುಡುಕಲು ಕುಳಿತ ಇವರೊಂದಿಗೆ ಟ್ರಾವೆಲ್ ಬರೆದ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ, ಎರಡನೆಯದು 1992ರಲ್ಲಿ ಹೊರಬಂದವು. ಯಾವ ಸ್ನಾಯುವಿನ ಗಂಟು ಎಲ್ಲಿಗೆ ನೋವು ಕಳಿಸುತ್ತದೆ ಎಂಬ ನಕಾಶೆಗಳು ಅದರಲ್ಲಿವೆ.

ಸೂಜಿ ಹಿಡಿಯದೆ ಕೈಯನ್ನೇ ನಂಬಿದ ಇನ್ನೊಂದು ಧಾರೆಯೂ ಇತ್ತು. 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಐಡಾ ರಾಲ್ಫ್ (1896–1979) ಅವರು ಯೋಗಾಭ್ಯಾಸವನ್ನೂ ಮಾಡಿದ್ದರು. ಫೇಶಿಯಾವನ್ನು ಬೆರಳು, ಮೊಣಕೈಗಳಿಂದ ಆಳವಾಗಿ ಒತ್ತಿ ದೇಹದ ನಿಲುವನ್ನೇ ತಿದ್ದಬಹುದೆಂಬುದು ಅವರ ವಾದ. ಸ್ಟಿಲ್ ಅವರ ಪರಂಪರೆಯ ವೈದ್ಯರು, ಫಿಸಿಯೋಥೆರಪಿಸ್ಟರು ಇಂಥ ಕ್ರಮಗಳನ್ನು ಬೆಳೆಸಿದರು. 1980ರ ದಶಕದಲ್ಲಿ ‘ಮಯೋಫೇಶಿಯಲ್ ರಿಲೀಸ್’ ಎಂಬ ಹೆಸರು ಹಬ್ಬಿತು. ಬಿಗಿಯಾದ ಜಾಗದ ಮೇಲೆ ಎಣ್ಣೆಯಿಲ್ಲದೆ, ಉಜ್ಜದೆ, ಕೆಲವು ನಿಮಿಷ ನಿಧಾನವಾಗಿ ಒತ್ತಿ ಹಿಡಿಯುವುದು ಇದರ ಸಾಮಾನ್ಯ ರೀತಿ.

ಇದರಿಂದ ಪೊರೆ ನಿಜಕ್ಕೂ ಸಡಿಲವಾಗುತ್ತದೆಯೆ? ಇಲ್ಲಿ ವಿಜ್ಞಾನ ಅಷ್ಟು ಸುಲಭವಾಗಿ ತಲೆದೂಗುವುದಿಲ್ಲ. 2008ರಲ್ಲಿ ಪ್ರಕಟವಾದ ಗಣಿತ ಮಾದರಿಯೊಂದರ ಪ್ರಕಾರ ತೊಡೆಯ, ಅಂಗಾಲಿನ ಗಟ್ಟಿ ಪೊರೆಯನ್ನು ಶೇಕಡಾ 1ರಷ್ಟು ಕುಗ್ಗಿಸಲೂ ಮನುಷ್ಯರ ಕೈಬಲ ಸಾಲದು. ಹಾಗಾದರೆ ಸಿಗುವ ಉಪಶಮನ? ಒತ್ತಡವನ್ನು ಗ್ರಹಿಸಿದ ನರಮಂಡಲವೇ ಬಿಗಿತವನ್ನು ಇಳಿಸುತ್ತಿರಬಹುದು ಎಂದು ಅನೇಕರು ಊಹಿಸುತ್ತಾರೆ. ಗಂಟುಗಳ ವಿಷಯದಲ್ಲೂ ತಕರಾರುಗಳಿವೆ. ಸೈಮನ್ಸ್ ಅವರೇ ಪಾಲ್ಗೊಂಡು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ರೋಗಿಗಳನ್ನು ಪರೀಕ್ಷಿಸಿದ ತಜ್ಞರ ನಡುವೆ ಒಮ್ಮತ ಕಾಣಲಿಲ್ಲ. ಹಳೆಯ ಸೊಂಟನೋವಿಗೆ ಈ ಚಿಕಿತ್ಸೆಯಿಂದ ಕೆಲಕಾಲ ಆರಾಮ ಸಿಗುತ್ತದೆಂದು ಕೆಲವು ಅಧ್ಯಯನಗಳು ಹೇಳಿದರೂ ಅವುಗಳಲ್ಲಿ ಹಲವು ಸಣ್ಣವು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಒತ್ತಿಸಿಕೊಳ್ಳುತ್ತಾ ಕೂರದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಹೀಗೆ ಸಿದ್ಧಾಂತ ಇನ್ನೂ ತೂಗುಕುರ್ಚಿಯಲ್ಲೇ ಇದೆ. ಆದರೆ ಒಂದು ಮಾತು ಗಟ್ಟಿಯಾಗಿ ನಿಂತಿದೆ: ಚಿತ್ರದಲ್ಲಿ ಕಾಣದ ನೋವು ಸುಳ್ಳಲ್ಲ. ದಿನವಿಡೀ ಬಗ್ಗಿ ನಾಟಿ ಮಾಡುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು, ಕಂಪ್ಯೂಟರಿಗೆ ಕತ್ತು ಚಾಚುವವರು ‘ಇಲ್ಲಿ ನೋಯುತ್ತದೆ’ ಎಂದರೆ ಮೊದಲು ಅದನ್ನು ನಂಬಬೇಕು. ಗರಡಿಯಲ್ಲಿ ಮೈ ನೀವುತ್ತಿದ್ದ ಉಸ್ತಾದರೂ ಮನೆಯ ಅಜ್ಜಿಯರೂ ಸಿದ್ಧಾಂತವನ್ನೇನೂ ಓದಿದವರಲ್ಲ. ನೋಯುವವರ ಮಾತಿಗೆ ಕಿವಿಗೊಟ್ಟು, ಹೆಬ್ಬೆರಳಿನಿಂದ ತಡಕಿ ನೋಡುವ ವ್ಯವಧಾನ ಅವರಿಗಿತ್ತು. ಟ್ರಾವೆಲ್ ಮಾಡಿದ ಮೊದಲ ಕೆಲಸವೂ ಅದೇ.