ವಿದ್ಯುತ್ ಬಿಲ್ಲಿನ ಎರಡು ಸಾಲುಗಳು

ಅಕ್ಕಿ, ಬೇಳೆ, ಬಟ್ಟೆಗಳನ್ನು ನಾಲ್ಕು ಅಂಗಡಿ ತಿರುಗಿ, ಬೆಲೆ ಕೇಳಿ ಕೊಳ್ಳುವುದು ಎಲ್ಲ ದೇಶಗಳ ಗೃಹಸ್ಥರಿಗೂ ರೂಢಿಯಾದ ಸಂಗತಿ. ಆದರೆ ದೀಪ ಉರಿಸುವ ವಿದ್ಯುತ್ತನ್ನೂ ಒಲೆ ಉರಿಸುವ ಅನಿಲವನ್ನೂ ಹಾಗೆ ಬೆಲೆ ವಿಚಾರಿಸಿ ಕೊಳ್ಳಬಹುದೆಂದು ಇಪ್ಪತ್ತನೆಯ ಶತಮಾನದ ಬಹುಭಾಗ ಹೆಚ್ಚಿನವರು ಎಣಿಸಿರಲಿಲ್ಲ. ಬೀದಿಗೆ ಒಂದೇ ತಂತಿ, ಒಂದೇ ಕೊಳವೆ. ಆದ್ದರಿಂದ ಮಾರುವವನೂ ಒಬ್ಬನೇ ಎಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು. ಈ ತಿಳಿವಳಿಕೆಯನ್ನು ಬದಿಗಿಟ್ಟು, ತನ್ನ ಮಾರಾಟಗಾರನನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು ಪ್ರತಿಯೊಂದು ಮನೆಗೂ ಕೊಟ್ಟ ಮೊದಲ ಕೆಲವು ದೇಶಗಳಲ್ಲಿ ಬ್ರಿಟನ್ ಒಂದು. ದರಗಳನ್ನು ಹೋಲಿಸಿ ನೋಡುವ ಒಂದು ಸಣ್ಣ ಲೆಕ್ಕದ ಮೇಲೆ ಅಲ್ಲಿ ಇಡೀ ವ್ಯವಸ್ಥೆ ನಿಂತಿತ್ತು. ಆ ಲೆಕ್ಕವನ್ನು ಯಾರು ಮಾಡಿದರು, ಮಾಡದವರು ಏನು ತೆತ್ತರು ಎಂಬುದು ತಿಳಿಯಬೇಕಾದ ವಿಷಯ.

ಈ ಲೆಕ್ಕ ತೊಡಕಾದುದು ನೂರು ವರ್ಷಗಳಿಗೂ ಹಿಂದೆ. ವಿದ್ಯುತ್ ಬಂದ ಹೊಸದರಲ್ಲಿ ಕಂಪನಿಗಳು ದೀಪಕ್ಕಿಷ್ಟು ಅಥವಾ ಯೂನಿಟ್ಟಿಗೆ ಇಷ್ಟು ಎಂದು ಹಣ ಪಡೆಯುತ್ತಿದ್ದವು. 1892ರಲ್ಲಿ ಜಾನ್ ಹಾಪ್ಕಿನ್‌ಸನ್ ಎಂಬ ಇಂಗ್ಲಿಷ್ ಎಂಜಿನಿಯರ್ ತನ್ನ ಭಾಷಣವೊಂದರಲ್ಲಿ ಈ ಪದ್ಧತಿಯ ದೋಷವನ್ನು ತೋರಿಸಿಕೊಟ್ಟ. ಸಂಜೆ ಎಲ್ಲರೂ ಒಮ್ಮೆಗೇ ದೀಪ ಹಚ್ಚುವ ಹೊತ್ತಿಗೆ ಸಾಲುವಷ್ಟು ಬಾಯ್ಲರು, ಎಂಜಿನು, ತಂತಿಗಳನ್ನು ಕಂಪನಿ ಸಿದ್ಧವಾಗಿ ಇಟ್ಟಿರಬೇಕು. ಗ್ರಾಹಕ ದೀಪ ಹಚ್ಚಲಿ, ಬಿಡಲಿ, ಈ ಸಿದ್ಧತೆಯ ಖರ್ಚು ತಪ್ಪದು. ಆದ್ದರಿಂದ ಬಿಲ್ಲಿನಲ್ಲಿ ಎರಡು ಭಾಗಗಳಿರಬೇಕು: ಸಿದ್ಧತೆಗಾಗಿ ನಿಗದಿತ ಶುಲ್ಕ, ಬಳಸಿದ ಯೂನಿಟ್ಟುಗಳಿಗೆ ಬೇರೆ ದರ ಎಂದು ಆತ ವಾದಿಸಿದ. ಬ್ರೈಟನ್ ಪಟ್ಟಣದ ಆರ್ಥರ್ ರೈಟ್ ಗ್ರಾಹಕನ ಗರಿಷ್ಠ ಬೇಡಿಕೆಯನ್ನು ಅಳೆಯುವ ಉಪಕರಣವನ್ನು ರೂಪಿಸಿದ. ಅದನ್ನು ಕಂಡು ಮೆಚ್ಚಿದ ಸ್ಯಾಮ್ಯುಯೆಲ್ ಇನ್ಸಲ್ ಅಮೆರಿಕದ ಶಿಕಾಗೋ ನಗರಕ್ಕೆ ಈ ಪದ್ಧತಿಯನ್ನು ಒಯ್ದ. ಇಂದು ಜಗತ್ತಿನ ಎಷ್ಟೋ ದೇಶಗಳ ಬಿಲ್ಲಿನಲ್ಲಿ ಕಾಣುವ ಎರಡು ಸಾಲುಗಳಿಗೆ ಮೂಲ ಇಲ್ಲಿದೆ.

ಎಂಜಿನಿಯರನ ದೃಷ್ಟಿಯಿಂದ ಇದು ನ್ಯಾಯವಾದ ಮಾತು. ಆದರೆ ಗ್ರಾಹಕನಿಗೆ ಒಂದು ಬೆಲೆಯ ಬದಲು ಎರಡು ಬೆಲೆಗಳಾದವು. ಎರಡನ್ನೂ ಕೂಡಿಸದೆ ಯಾವುದು ಅಗ್ಗ ಎಂದು ಹೇಳುವಂತಿರಲಿಲ್ಲ. ಮೇಲಾಗಿ ಪಟ್ಟಣಕ್ಕೊಂದು ಪದ್ಧತಿ ಬೆಳೆಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಲಂಡನ್ ಮಹಾನಗರ ಪ್ರದೇಶವೊಂದರಲ್ಲೇ 65 ವಿದ್ಯುತ್ ಸಂಸ್ಥೆಗಳಿದ್ದವು. ಅವುಗಳಲ್ಲಿ ದರ ವಿಧಿಸುವ ಸುಮಾರು 70 ಬಗೆಗಳಿದ್ದವು. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದವರಿಗೆ ಮೊದಲಿನ ದೀಪವೇ ಕೆಲಸಕ್ಕೆ ಬಾರದೆ ಹೋಗುವಷ್ಟು ವೋಲ್ಟೇಜುಗಳೂ ಭಿನ್ನವಾಗಿದ್ದವು. 1926ರ ಕಾನೂನು ರಾಷ್ಟ್ರೀಯ ವಿದ್ಯುತ್ ಜಾಲಕ್ಕೆ ಅಡಿಪಾಯ ಹಾಕಿತು. 1948ರ ಏಪ್ರಿಲ್ 1ರಂದು ವಿದ್ಯುತ್ ಉದ್ಯಮ ರಾಷ್ಟ್ರೀಕರಣಗೊಂಡಿತು. ಮರುವರ್ಷ ಅನಿಲವೂ ಅದೇ ದಾರಿ ಹಿಡಿಯಿತು.

ಆಮೇಲಿನ ನಾಲ್ಕು ದಶಕಗಳ ಕಾಲ ಬ್ರಿಟನ್ನಿನ ಮನೆಗಳಿಗೆ ಆಯ್ಕೆಯೆಂಬುದು ಇರಲಿಲ್ಲ. ಪ್ರದೇಶಕ್ಕೊಂದು ಮಂಡಳಿ, ಅದು ಹೇಳಿದ್ದೇ ದರ. ಬಡವರ ಮನೆಗಳಲ್ಲಿ ನಾಣ್ಯ ಹಾಕಿದರಷ್ಟೇ ಅನಿಲವನ್ನೋ ವಿದ್ಯುತ್ತನ್ನೋ ಬಿಡುವ ಮೀಟರುಗಳಿದ್ದವು. 1978ರಲ್ಲಿ ರಾತ್ರಿಯ ಏಳು ಗಂಟೆಗಳ ಕಾಲ ಅಗ್ಗದ ದರ ನೀಡುವ 'ಎಕಾನಮಿ 7' ಯೋಜನೆ ಬಂತು. ಹಗಲಿಗೊಂದು, ಇರುಳಿಗೊಂದು ದರವಾಗಿ ಬಿಲ್ಲಿಗೆ ಮತ್ತೊಂದು ಸಾಲು ಸೇರಿತು. ಆದರೂ ಹೋಲಿಸಿ ನೋಡಲು ಬೇರೆ ಮಾರಾಟಗಾರನೇ ಇಲ್ಲದ ಕಾರಣ ಈ ತೊಡಕು ಯಾರನ್ನೂ ಹೆಚ್ಚು ಬಾಧಿಸಲಿಲ್ಲ.

ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರಲ್ಲಿ ಬ್ರಿಟಿಷ್ ಗ್ಯಾಸ್ ಸಂಸ್ಥೆಯನ್ನು ಖಾಸಗಿಯವರಿಗೆ ಮಾರಿತು. 1989ರ ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನ 12 ಪ್ರಾದೇಶಿಕ ವಿದ್ಯುತ್ ಮಂಡಳಿಗಳು ಕಂಪನಿಗಳಾಗಿ, 1990ರ ಡಿಸೆಂಬರಿನಲ್ಲಿ ಅವುಗಳ ಷೇರುಗಳು ಮಾರಾಟವಾದವು. ಸ್ಪರ್ಧೆ ಮೊದಲು ದೊರೆತದ್ದು ದೊಡ್ಡ ಕಾರ್ಖಾನೆಗಳಿಗೆ. 1990ರಲ್ಲಿ ಒಂದು ಮೆಗಾವಾಟ್‌ಗಿಂತ ಹೆಚ್ಚು ಬೇಡಿಕೆಯಿದ್ದವರಿಗೆ, 1994ರಲ್ಲಿ 100 ಕಿಲೋವಾಟ್ ಮೀರಿದವರಿಗೆ ಮಾರಾಟಗಾರರನ್ನು ಆರಿಸುವ ಅವಕಾಶ ಸಿಕ್ಕಿತು. ಮನೆಗಳ ಸರದಿ ಬಂದದ್ದು 1996ರಲ್ಲಿ, ಅದೂ ಅನಿಲದಿಂದ. ನೈಋತ್ಯ ಇಂಗ್ಲೆಂಡಿನ ಕಾರ್ನ್‌ವಾಲ್, ಡೆವನ್, ಸಾಮರ್‌ಸೆಟ್ ಪ್ರಾಂತಗಳ ಸುಮಾರು ಐದು ಲಕ್ಷ ಮನೆಗಳಲ್ಲಿ ಮೊದಲು ಪ್ರಯೋಗ ನಡೆಯಿತು. 1998ರ ಮೇ ವೇಳೆಗೆ ಅನಿಲದ ಮಾರುಕಟ್ಟೆ, 1999ರ ಮೇ ವೇಳೆಗೆ ವಿದ್ಯುತ್ತಿನ ಮಾರುಕಟ್ಟೆ ಎಲ್ಲರಿಗೂ ತೆರೆಯಿತು.

ಇಲ್ಲಿ ಮಾರಾಟಗಾರನನ್ನು ಬದಲಾಯಿಸುವುದೆಂದರೆ ತಂತಿ ಬದಲಾಯಿಸುವುದಲ್ಲ. ತಂತಿ, ಕೊಳವೆಗಳು ಅದೇ ಪ್ರದೇಶದ ಜಾಲ ಕಂಪನಿಯವು. ಹರಿಯುವ ವಿದ್ಯುತ್ತೂ ಅದೇ. ಬದಲಾಗುವುದು ಬಿಲ್ಲು ಕಳುಹಿಸುವ ಕಂಪನಿ ಮಾತ್ರ. ಅದು ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ ಕೊಂಡು, ಜಾಲದ ಬಾಡಿಗೆ ಕಟ್ಟಿ, ಚಿಲ್ಲರೆಯಾಗಿ ಮಾರುತ್ತದೆ. ಸರಕಿನಲ್ಲಿ ಎಳ್ಳಷ್ಟೂ ಭೇದವಿಲ್ಲದ ಮೇಲೆ ಜನ ಅಗ್ಗದ ಕಡೆಗೇ ಹೋಗುತ್ತಾರೆ, ದುಬಾರಿಯವನು ತಾನಾಗಿ ಬೆಲೆ ಇಳಿಸುತ್ತಾನೆ ಎಂಬುದು ಸುಧಾರಕರ ತರ್ಕ. ಈ ನಂಬಿಕೆಯಿಂದಲೇ 2002ರ ಏಪ್ರಿಲಿನಲ್ಲಿ, ಮನೆ ದರಗಳ ಮೇಲೆ ಉಳಿದಿದ್ದ ನಿಯಂತ್ರಣವನ್ನೂ ತೆಗೆದುಹಾಕಲಾಯಿತು.

ಆದರೆ ಅಗ್ಗ ಯಾವುದೆಂದು ತಿಳಿಯುವುದು ಹೇಗೆ? ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಮೊದಲ ಕಂಪನಿಯ ನಿಗದಿತ ಶುಲ್ಕ ದಿನಕ್ಕೆ 50 ಪೆನ್ನಿ, ಯೂನಿಟ್ ದರ 24 ಪೆನ್ನಿ. ಎರಡನೆಯದರ ನಿಗದಿತ ಶುಲ್ಕ 30 ಪೆನ್ನಿ, ಯೂನಿಟ್ ದರ 28 ಪೆನ್ನಿ. ನಿಗದಿತ ಶುಲ್ಕದಲ್ಲಿ ವರ್ಷಕ್ಕೆ 73 ಪೌಂಡ್ ವ್ಯತ್ಯಾಸ; ಯೂನಿಟ್ಟಿಗೆ 4 ಪೆನ್ನಿ ವ್ಯತ್ಯಾಸ. ಭಾಗಿಸಿದರೆ 1,825 ಯೂನಿಟ್ ಬರುತ್ತದೆ. ವರ್ಷಕ್ಕೆ ಅದಕ್ಕಿಂತ ಕಡಿಮೆ ಬಳಸುವ ಮನೆಗೆ ಎರಡನೆಯ ಕಂಪನಿ ಲಾಭ. ಹೆಚ್ಚು ಬಳಸುವ ಮನೆಗೆ ಮೊದಲನೆಯದು. 1,200 ಯೂನಿಟ್ ಬಳಸುವ ಒಂಟಿ ವೃದ್ಧೆ ಮೊದಲ ಕಂಪನಿಗೆ ಹೋದರೆ ವರ್ಷಕ್ಕೆ 25 ಪೌಂಡ್ ಹೆಚ್ಚು ತೆರುತ್ತಾಳೆ. 3,000 ಯೂನಿಟ್ ಬಳಸುವ ಸಂಸಾರ ಎರಡನೆಯದಕ್ಕೆ ಹೋದರೆ 47 ಪೌಂಡ್ ಹೆಚ್ಚು ತೆರುತ್ತದೆ. ಎಂದರೆ, ತನ್ನ ಮನೆಯ ವರ್ಷದ ಬಳಕೆ ಎಷ್ಟೆಂದು ತಿಳಿಯದವರಿಗೆ ಯಾವ ದರಪಟ್ಟಿಯೂ ಪ್ರಯೋಜನಕ್ಕೆ ಬಾರದು. ಯೂನಿಟ್ ದರವೊಂದನ್ನೇ ನೋಡಿ ಅಗ್ಗವೆಂದು ನಂಬಿದವರು ಮೋಸ ಹೋಗುವುದು ಸುಲಭ.

ಈ ಕಷ್ಟವನ್ನು ಬಂಡವಾಳ ಮಾಡಿಕೊಂಡ ಮಾರಾಟ ಪ್ರತಿನಿಧಿಗಳು ಮನೆಮನೆಯ ಬಾಗಿಲು ತಟ್ಟಿದರು. ತಪ್ಪು ಮಾಹಿತಿ ನೀಡಿ ಮಾರಿದ್ದಕ್ಕಾಗಿ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2002ರಲ್ಲಿ ಲಂಡನ್ ಎಲೆಕ್ಟ್ರಿಸಿಟಿ ಕಂಪನಿಗೆ 20 ಲಕ್ಷ ಪೌಂಡ್, 2013ರಲ್ಲಿ ಎಸ್‌ಎಸ್‌ಇ ಕಂಪನಿಗೆ 1.05 ಕೋಟಿ ಪೌಂಡ್ ದಂಡ ವಿಧಿಸಿತು. ದರ ಹೋಲಿಸಿ ತೋರಿಸುವ ಮಧ್ಯವರ್ತಿ ಸಂಸ್ಥೆಗಳೂ ಹುಟ್ಟಿಕೊಂಡವು. ಅವು ದಳ್ಳಾಳಿ ಹಣ ಪಡೆಯುತ್ತಿದ್ದುದು ಕಂಪನಿಗಳಿಂದ. ಆ ಹಣ ಬಾರದ ದರಗಳನ್ನು ಕೆಲವು ಸಂಸ್ಥೆಗಳು ಗ್ರಾಹಕರ ಕಣ್ಣಿಗೆ ಬೀಳದಂತೆ ಇಡುತ್ತಿದ್ದುದನ್ನು 2015ರಲ್ಲಿ ಸಂಸದೀಯ ಸಮಿತಿಯೊಂದು ಟೀಕಿಸಿತು. ಕ್ರಿಸ್ ವಿಲ್ಸನ್ ಮತ್ತು ಕ್ಯಾಥರೀನ್ ವಾಡಮ್ಸ್ ಪ್ರೈಸ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಹಣ ಉಳಿಸುವ ಒಂದೇ ಉದ್ದೇಶದಿಂದ ಕಂಪನಿ ಬದಲಾಯಿಸಿದವರು, ಸಿಗಬಹುದಾಗಿದ್ದ ಲಾಭದಲ್ಲಿ ಒಟ್ಟಾರೆ ಕಾಲು ಭಾಗದಿಂದ ಅರ್ಧದಷ್ಟನ್ನು ಮಾತ್ರ ಪಡೆದಿದ್ದರು. ಅವರಲ್ಲಿ ಕನಿಷ್ಠ ಶೇ 17 ಮಂದಿ ಬದಲಾಯಿಸಿ ನಷ್ಟವನ್ನೇ ಮಾಡಿಕೊಂಡಿದ್ದರು.

ಇನ್ನು ಬದಲಾಯಿಸದೇ ಉಳಿದವರ ಪಾಡೇನು? ಕಂಪನಿಗಳು ಒಂದನ್ನೊಂದು ನುಂಗಿ, ಕೊನೆಗೆ 'ದೊಡ್ಡ ಆರು' ಎಂದೇ ಹೆಸರಾದ ಆರು ಕಂಪನಿಗಳು ಮಾರುಕಟ್ಟೆಯ ಬಹುಪಾಲನ್ನು ಹಿಡಿದವು. ಹೊಸಬರನ್ನು ಸೆಳೆಯಲು ಒಂದು ವರ್ಷದ ಅಗ್ಗದ ಕರಾರು ಕೊಟ್ಟು, ಅವಧಿ ಮುಗಿದೊಡನೆ ಸುಮ್ಮನಿದ್ದವರನ್ನು ದುಬಾರಿಯಾದ ಸಾಮಾನ್ಯ ದರಕ್ಕೆ ತಳ್ಳುವುದು ವ್ಯಾಪಾರದ ರೀತಿಯಾಯಿತು. 2013ರಲ್ಲಿ ಆಫ್‌ಜೆಮ್, ಕಂಪನಿಯೊಂದು ವಿದ್ಯುತ್ತಿಗೆ ನಾಲ್ಕು, ಅನಿಲಕ್ಕೆ ನಾಲ್ಕು ದರಯೋಜನೆಗಳಿಗಿಂತ ಹೆಚ್ಚು ಇಡಬಾರದೆಂದು ಕಟ್ಟಳೆ ಮಾಡಿತು. ಸ್ಪರ್ಧಾ ಪ್ರಾಧಿಕಾರವು ಎರಡು ವರ್ಷ ತನಿಖೆ ನಡೆಸಿ 2016ರಲ್ಲಿ ಕೊಟ್ಟ ವರದಿ, ಅದರಿಂದ ಸ್ಪರ್ಧೆ ಕುಂದಿತೆಂದು ಹೇಳಿ ಆ ಮಿತಿಯನ್ನು ತೆಗೆಯಲು ಸೂಚಿಸಿತು.

ಅದೇ ವರದಿ ಹೊರಗೆಡವಿದ ಅಂಕಿಗಳು ದೇಶವನ್ನು ಚಕಿತಗೊಳಿಸಿದವು. ಆರು ಕಂಪನಿಗಳ ಗೃಹಬಳಕೆದಾರರಲ್ಲಿ ಸುಮಾರು ಶೇ 70 ಮಂದಿ ದುಬಾರಿಯಾದ ಸಾಮಾನ್ಯ ದರದಲ್ಲೇ ಇದ್ದರು. ಹೋಲಿಸಿ ಬದಲಾಯಿಸಿದ್ದರೆ ಅವರಲ್ಲಿ ಒಂದು ಸಾಧಾರಣ ಮನೆಗೆ ವರ್ಷಕ್ಕೆ 300 ಪೌಂಡ್‌ಗೂ ಹೆಚ್ಚು ಉಳಿಯಬಹುದಿತ್ತು. 2012ರಿಂದ 2015ರವರೆಗೆ ಗ್ರಾಹಕರು ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಹೆಚ್ಚಿಗೆ ತೆತ್ತಿದ್ದರು. ಬದಲಾಯಿಸಿದವರು ಯಾರೆಂಬುದೂ ಸ್ಪಷ್ಟವಾಯಿತು. ವರ್ಷಕ್ಕೆ 36,000 ಪೌಂಡ್ ಮೀರಿದ ಆದಾಯವಿದ್ದ ಮನೆಗಳಲ್ಲಿ ಶೇ 35ರಷ್ಟು ಹಿಂದಿನ ಮೂರು ವರ್ಷಗಳಲ್ಲಿ ಕಂಪನಿ ಬದಲಾಯಿಸಿದ್ದರೆ, 18,000 ಪೌಂಡ್‌ಗಿಂತ ಕಡಿಮೆ ಆದಾಯದವರಲ್ಲಿ ಹಾಗೆ ಮಾಡಿದವರು ಶೇ 20 ಮಾತ್ರ. ವೃದ್ಧರು, ಬಾಡಿಗೆ ಮನೆಯವರು, ಹೆಚ್ಚು ಓದದವರು ಹಿಂದುಳಿದಿದ್ದರು. ಉಳ್ಳವರಿಗೆ ಸಿಕ್ಕ ರಿಯಾಯಿತಿಯ ಹಣ ಇಲ್ಲದವರ ಬಿಲ್ಲಿನಿಂದ ಬರುತ್ತಿತ್ತು ಎಂದರೆ ತಪ್ಪಾಗಲಾರದು.

ಕೊನೆಗೆ, ತೆಗೆದುಹಾಕಿದ್ದ ನಿಯಂತ್ರಣವನ್ನು ಸರ್ಕಾರ ಮರಳಿ ತಂದಿತು. 2018ರ ಕಾನೂನಿನಂತೆ 2019ರ ಜನವರಿ 1ರಿಂದ ಸಾಮಾನ್ಯ ದರಕ್ಕೆ ಮಿತಿ ಬಂತು. ಎರಡೂ ಇಂಧನ ಬಳಸುವ ಸಾಧಾರಣ ಮನೆಗೆ ಮೊದಲ ಮಿತಿ ವರ್ಷಕ್ಕೆ 1,137 ಪೌಂಡ್. ಇದನ್ನು ಬಿಲ್ಲಿನ ಮಿತಿಯೆಂದು ತಿಳಿದವರು ಬಹಳ. ವಾಸ್ತವದಲ್ಲಿ ಮಿತಿಯಿರುವುದು ಯೂನಿಟ್ ದರಕ್ಕೆ ಮತ್ತು ನಿಗದಿತ ಶುಲ್ಕಕ್ಕೆ. ಹೆಚ್ಚು ಉರಿಸಿದರೆ ಬಿಲ್ಲೂ ಹೆಚ್ಚೇ.

2021ರಲ್ಲಿ ಸಗಟು ಅನಿಲದ ಬೆಲೆ ಗಗನಕ್ಕೇರಿದಾಗ ಅಗ್ಗದ ದರವನ್ನೇ ನೆಚ್ಚಿದ್ದ ಸಣ್ಣ ಕಂಪನಿಗಳು ಒಂದರ ಹಿಂದೊಂದು ಬಿದ್ದವು. 2022ರ ಮೇವರೆಗೆ ಮುಳುಗಿದವು 29. ತೊಂದರೆಗೆ ಸಿಕ್ಕಿದ ಮನೆಗಳು ಸುಮಾರು 40 ಲಕ್ಷ. ಅವರನ್ನು ಬೇರೆ ಕಂಪನಿಗಳಿಗೆ ಒಪ್ಪಿಸಿದ ಖರ್ಚನ್ನು ಎಲ್ಲ ಗ್ರಾಹಕರ ಬಿಲ್ಲಿಗೆ ಹಂಚಲಾಯಿತು. ಅದು ಸೇರಿದ್ದು ನಿಗದಿತ ಶುಲ್ಕದ ಸಾಲಿಗೆ. ಎಂದೂ ಕಂಪನಿ ಬದಲಾಯಿಸದ, ಒಂದೇ ದೀಪ ಉರಿಸುವ ಮನೆಯೂ ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಮಿತಿ 3,549 ಪೌಂಡ್‌ಗೆ ಏರಬೇಕಿದ್ದಾಗ, ಸರ್ಕಾರವೇ ಹಣ ಸುರಿದು ಸಾಧಾರಣ ಮನೆಯ ಬಿಲ್ಲನ್ನು 2,500 ಪೌಂಡ್ ಮಟ್ಟದಲ್ಲಿ ಹಿಡಿಯಬೇಕಾಯಿತು.

ಭಾರತದಲ್ಲಿ ಇಂಥ ಆಯ್ಕೆಯ ರುಚಿ ಕಂಡದ್ದು ಮುಂಬಯಿಯ ಉಪನಗರಗಳು. ಟಾಟಾ ಪವರ್ ಕಂಪನಿ ಚಿಲ್ಲರೆ ಗ್ರಾಹಕರಿಗೂ ವಿದ್ಯುತ್ ಮಾರಬಹುದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡಿತು. ಮರುವರ್ಷ ಅಲ್ಲಿನ ನಿಯಂತ್ರಣ ಆಯೋಗ, ರಿಲಯನ್ಸ್ ಕಂಪನಿಯ ತಂತಿಯಲ್ಲೇ ಟಾಟಾ ವಿದ್ಯುತ್ ಪಡೆಯುವ ದಾರಿ ತೆರೆಯಿತು. ಅಲ್ಲಿಯೂ ಹೆಚ್ಚು ಬಳಸುವವರು ಅಗ್ಗದ ಕಡೆಗೆ ಹೊರಟರೆ, ಸಣ್ಣವರ ದರ ತಗ್ಗಿಸಲು ನೆರವಾಗುತ್ತಿದ್ದ ಹಣವೂ ಅವರೊಂದಿಗೆ ಹೊರಟುಹೋಗುತ್ತದೆಂಬ ಪ್ರಶ್ನೆ ಎದ್ದಿತು. 2012ರಲ್ಲಿ ಆಯೋಗವು ಬದಲಾವಣೆಯನ್ನು ಕೆಲಕಾಲ ತಿಂಗಳಿಗೆ 300 ಯೂನಿಟ್‌ವರೆಗಿನ ಮನೆಗಳಿಗೆ ಸೀಮಿತಗೊಳಿಸಿತು.

ಕರ್ನಾಟಕದ ಮನೆಗಳಿಗೆ ಈ ಆಯ್ಕೆ ಬಂದಿಲ್ಲ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಂದು ಪ್ರದೇಶಕ್ಕೊಂದು ಕಂಪನಿ. ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದರೆ ಮಂಜೂರಾದ ಲೋಡಿನ ಕಿಲೋವಾಟ್‌ಗೆ ಇಷ್ಟು ಎಂಬ ನಿಗದಿತ ಶುಲ್ಕ ಒಂದು ಸಾಲಿನಲ್ಲಿ, ಬಳಸಿದ ಯೂನಿಟ್ಟಿನ ಹಣ ಇನ್ನೊಂದರಲ್ಲಿ ಬರುವ ಇಲ್ಲಿನ ಬಿಲ್ಲು ಹಾಪ್ಕಿನ್‌ಸನ್ನನ ಲೆಕ್ಕದ ವಂಶಕ್ಕೇ ಸೇರಿದ್ದು. ಒಂದೇ ಜಾಲದ ಮೇಲೆ ಹಲವು ಕಂಪನಿಗಳು ವಿದ್ಯುತ್ ಮಾರಲು ಅವಕಾಶ ಕೊಡುವ ತಿದ್ದುಪಡಿ ಮಸೂದೆ 2022ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿತ್ತು. 2024ರಲ್ಲಿ ಆ ಲೋಕಸಭೆಯೊಂದಿಗೇ ಅದು ಬಿದ್ದುಹೋಯಿತು. ಅಂಥ ದಿನ ಮುಂದೆ ಬಂದರೂ ಬರಬಹುದು. ಆಗ ಎಷ್ಟು ಕಂಪನಿಗಳಿವೆ ಎಂಬುದಕ್ಕಿಂತ, ತನ್ನ ಮನೆ ವರ್ಷಕ್ಕೆ ಎಷ್ಟು ಯೂನಿಟ್ ಉರಿಸುತ್ತದೆಂದು ಎಷ್ಟು ಮಂದಿಗೆ ಗೊತ್ತು ಎಂಬುದು ಮುಖ್ಯವಾಗುತ್ತದೆ. ಲೆಕ್ಕ ಬಾರದವರ ಪರವಾಗಿ ಲೆಕ್ಕ ಹಾಕುವವರು ಯಾರು ಎಂಬುದು ಅದಕ್ಕಿಂತಲೂ ಮುಖ್ಯ.